ಒತ್ತಿಲ್ಲದ ಅಮ್ಮ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೆನ್ನ ಹಿಂದೆ ಪಿಸುಗುಟ್ಟುವುದು ಬೇಡ: ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಂತಿಂಥದ್ದಲ್ಲ. ಅಂಗಡಿಯಲ್ಲಿ ಕರೆಂಟು ಹೋದ ದಿನ ನನ್ನ ಹೊಟ್ಟೆಯ ಮೇಲೆ ಪ್ಯಾಂಟು ಹಾಸಿ ಇಸ್ತ್ರಿ ಮಾಡಬಹುದು, ಅಷ್ಟು. ಜನ ಇಂಥದ್ದನ್ನು ಮುಚ್ಚಿಟ್ಟುಕೊಂಡು ‘ನಮ್ಮಿಬ್ಬರದು ಒಂದೇ ಜೀವ’ ಎಂದು ಹಲ್ಲು ಕಿಸಿಯುತ್ತಾರೆ. ನನ್ನ ಕೈಲಾಗುವುದಿಲ್ಲ.

ಅವಳಿಗೆ ಅಮ್ಮ ಇಟ್ಟ ಮುದ್ದಿನ ಹೆಸರು ಗಿಣಿ. ನಲವತ್ತು ದಾಟಿ ಕೂದಲಿಗೆ ಬಣ್ಣ ಹಚ್ಚಿಕೊಳ್ಳುವ ವಯಸ್ಸಾದರೂ ಗಿಣಿಯೇ. ನನಗೆ ಅಂಥ ಹೆಸರೇನೂ ಇಲ್ಲ. ‘ಏ ಇವಳೇ’ ಎಂದರೆ ನಾನು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಬೀದಿಯಲ್ಲಿ ಅರ್ಧ ಜನಕ್ಕೆ ಗೊತ್ತು.

ನಮ್ಮದು ಬಟ್ಟೆ ರಿಪೇರಿಯ ಅಂಗಡಿ. ಹೊಸದನ್ನು ಹೊಲಿಯುವುದಿಲ್ಲ. ಪ್ಯಾಂಟಿನ ಉದ್ದ ಮಡಿಚುವುದು, ಕೆಟ್ಟ ಜಿಪ್ಪು ಕಿತ್ತು ಬೇರೆ ಹಾಕುವುದು, ಕೋಟಿನ ಲೈನಿಂಗ್ ಬದಲಿಸುವುದು, ತೆಳ್ಳಗಾಗಿಯೇ ತೀರುತ್ತೇನೆಂದು ಹಟ ಹಿಡಿದವರ ಪ್ಯಾಂಟಿನ ಸೊಂಟ ಹಿಡಿದು ಕೊಟ್ಟು ಸ್ವಲ್ಪ ದಿನಕ್ಕೆ ಮತ್ತೆ ಬಿಚ್ಚಿ ಕೊಡುವುದು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಕಟ್ಟಡ ಅಮ್ಮನ ಹೆಸರಿನಲ್ಲಿದೆ. ಅಪ್ಪ ಹೋದ ಮೇಲೆ ಅಮ್ಮ ಒಂದು ಮೆಷಿನ್ನಿನ ಮುಂದೆ ಕೂತಳು; ನನ್ನ ಕಾಲು ಪೆಡಲಿಗೆ ಎಟುಕಿದ ದಿನ ನಾನು ಇನ್ನೊಂದರ ಮುಂದೆ ಕೂತೆ. ಗಿಣಿ ಕಾಲೇಜಿಗೆ ಹೋದಳು. ಒಬ್ಬಳಾದರೂ ಓದಲಿ ಎಂದಳು ಅಮ್ಮ. ಆ ಒಬ್ಬಳು ನಾನಾಗಬಹುದಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ನನ್ನನ್ನು ಕೇಳಿಕೊಂಡು ಇಬ್ಬರು ಗಂಡುಗಳು ಬಂದಿದ್ದರು, ಅಂಗಡಿ ಬಿಟ್ಟು ಹೋಗುವ ಹಾಗಿರಲಿಲ್ಲ, ಅವರು ಹೋದರು.

ಗಿಣಿ ಊರಿನ ಆ ತುದಿಯಲ್ಲಿದ್ದಾಳೆ. ಭಾನುವಾರ ಬರುತ್ತಾಳೆ. ಮೆಟ್ಟಿಲ ಬುಡದಿಂದಲೇ ‘ಅಮ್ಮಾ...’ ಎಂದು ರಾಗ ಎಳೆಯುತ್ತಾಳೆ, ಅಮ್ಮನ ಮುಖ ಅರಳುತ್ತದೆ, ಕಪಾಟಿನ ಹಿಂದಿನಿಂದ ಬಿಸ್ಕತ್ತಿನ ಡಬ್ಬಿ ಹೊರಬರುತ್ತದೆ. ಆ ಡಬ್ಬಿ ವಾರವೆಲ್ಲ ಎಲ್ಲಿರುತ್ತದೆ ಎಂದು ನನಗೆ ಗೊತ್ತಿಲ್ಲವೆಂದು ಅಮ್ಮ ತಿಳಿದಿದ್ದಾಳೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ನನ್ನ ಪಾಲಿಗೆ ಸುಣ್ಣವನ್ನೂ ಅಳೆದೇ ಇಟ್ಟಿದ್ದಾಳೆ.

ಇನ್ನು ಅಮ್ಮನ ಸಹಿಯ ವಿಷಯ. ಅಮ್ಮನಿಗೆ ಅಂಕಿ ಚೆನ್ನಾಗಿ ಗೊತ್ತು. ಇಂಚು, ಅರೆ ಇಂಚು, ಕಾಲು ಇಂಚು ಎಲ್ಲವೂ ಬೆರಳ ತುದಿಯಲ್ಲಿ. ಅಕ್ಷರ ಗೊತ್ತಿಲ್ಲ. ಎಷ್ಟೋ ಹೆಂಗಸರ ಹೆಸರಿನಂತೆ ಅವಳ ಹೆಸರೂ ‘ಮ್ಮ’ ಎಂದೇ ಮುಗಿಯುತ್ತದೆ. ಅವಳಿಗೆ ಸಹಿ ಕಲಿಸಿದವನು ದಾರದ ಅಂಗಡಿಯವನು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು ತೋರಿಸಿದವನು ಕೊನೆಯ ‘ಮ’ಕ್ಕೆ ಒತ್ತು ಕೊಡುವುದನ್ನು ಮರೆತ. ಅಮ್ಮ ಅದನ್ನೇ ಚಿತ್ರ ಬಿಡಿಸಿದ ಹಾಗೆ ಕಲಿತಳು. ಹೀಗಾಗಿ ಲೋಕಕ್ಕೆಲ್ಲ ‘ಮ್ಮ’ ಆದದ್ದು ನಮ್ಮಮ್ಮನ ಸಹಿಯಲ್ಲಿ ಬರೀ ‘ಮ’. ಕೆಳಗೆ ಏನೂ ಇಲ್ಲ, ಬೋಳು.

ಶಾಲೆಯಲ್ಲಿ ಒತ್ತಕ್ಷರ ಕಲಿಸಿದ ದಿನ ನಾನು ಓಡಿಬಂದು, ‘ಅಮ್ಮಾ, ನಿನ್ನ ಹೆಸರಲ್ಲಿ ಒತ್ತು ಬಿಟ್ಟಿದೀಯ’ ಎಂದೆ. ಅಮ್ಮ ಕೈಯಲ್ಲಿದ್ದ ಅಳತೆಯ ಪಟ್ಟಿಯಿಂದ ಮೊಣಕೈಗೆ ಒಂದು ಬಿಟ್ಟಳು. ‘ನನ್ನ ಹೆಸರು ನಂಗೇ ಕಲಿಸ್ತೀಯಾ? ಹೋಗು, ಗುಂಡಿ ಹೊಲಿ.’ ಆಮೇಲೆ ನಾನು ಆ ಸುದ್ದಿಗೆ ಹೋಗಲಿಲ್ಲ. ತೆರಿಗೆ, ಕರೆಂಟು, ಬ್ಯಾಂಕು, ಆಸ್ಪತ್ರೆ, ಯಾವ ಕಾಗದವಾದರೂ ನಾನು ತುಂಬುವುದು, ‘ಇಲ್ಲಿ’ ಎಂದು ಬೆರಳಿಟ್ಟು ತೋರಿಸುವುದು, ಅಮ್ಮ ನಾಲಿಗೆ ಕಚ್ಚಿಕೊಂಡು ತನ್ನ ಒತ್ತಿಲ್ಲದ ಹೆಸರು ಬಿಡಿಸುವುದು. ನನಗೆ ಅವಳ ಮುಖದಷ್ಟೇ ಆ ಸಹಿಯೂ ಗೊತ್ತು.

ಗಿಣಿ ದೊಡ್ಡ ಬೀದಿಯಲ್ಲಿ ಮಕ್ಕಳ ಬಟ್ಟೆಯ ಅಂಗಡಿ ತೆರೆದಳು. ಗಾಜಿನ ಬಾಗಿಲು, ಒಳಗೆ ತಲೆಯಿಲ್ಲದ ಗೊಂಬೆಗಳು. ಅಮ್ಮ ಆ ಗಾಜನ್ನು ನೋಡಿ ಬಂದು ಒಂದು ವಾರ ಅದನ್ನೇ ಮಾತಾಡಿದಳು. ‘ನಮ್ಮ ಗಿಣಿ ಅಂಗಡಿ ನೋಡಬೇಕು, ನೆಲದಲ್ಲಿ ಮುಖ ಕಾಣತ್ತೆ.’ ನಾನು ನಲವತ್ತು ವರ್ಷದಿಂದ ಗುಡಿಸುವ ನೆಲದಲ್ಲಿ ಯಾರ ಮುಖವೂ ಕಾಣುವುದಿಲ್ಲ, ನಿಜ. ಆ ಅಂಗಡಿ ಮುಚ್ಚಿತು. ನಾನು ಖುಷಿಪಟ್ಟೆನೇ ಎಂದು ಕೇಳಿದರೆ, ಪಟ್ಟೆ. ಆ ದಿನ ಎರಡು ಲೋಟ ಟೀ ಕುಡಿದೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಕೋರ್ಟಿನಿಂದ ನೋಟೀಸು ಬಂತು, ಅಮ್ಮನ ಹೆಸರಿಗೆ. ಗಿಣಿ ಬ್ಯಾಂಕಿನಲ್ಲಿ ಸಾಲ ಎತ್ತಿದ್ದಾಳೆ, ಅಮ್ಮ ಅದಕ್ಕೆ ಜಾಮೀನು ನಿಂತಿದ್ದಾಳೆ, ಗಿಣಿ ಕಟ್ಟಿಲ್ಲ, ಆದ್ದರಿಂದ ಜಾಮೀನು ನಿಂತವರ ಕಟ್ಟಡವನ್ನು ಮಾರಿಸಿ ಕೊಡಿಸಬೇಕು ಎಂದು ಬ್ಯಾಂಕು ದಾವೆ ಹಾಕಿತ್ತು. ನಾನು ಓದಿ ಹೇಳಿದೆ. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ‘ಕಟ್ಟಡ ಅಂದ್ರೆ ಯಾವ್ದು?’ ಎಂದಳು.

‘ಇದೇ. ನಾವು ಕೂತಿರೋದು. ನೀನು ಮಲಗೋದು.’

‘ನಾನೆಲ್ಲಿ ಜಾಮೀನು ನಿಂತೆ?’

ಅದೇ ನನಗೂ ಬೇಕಾಗಿದ್ದ ಪ್ರಶ್ನೆ. ಪರಿಚಯದ ಒಬ್ಬ ವಕೀಲಮ್ಮ ಇದ್ದರು, ಅವರ ಕಪ್ಪು ಕೋಟಿನ ತೋಳಿಗೆ ನಾನೇ ಲೈನಿಂಗ್ ಹಾಕುತ್ತಿದ್ದೆ. ವರ್ಷವಿಡೀ ನೆಗಡಿಯ ಹೆಂಗಸು, ಆದರೆ ಬುದ್ಧಿ ಚುರುಕು. ಅವರು ಕೋರ್ಟಿನಿಂದ ಜಾಮೀನು ಪತ್ರದ ನಕಲು ತರಿಸಿ ಅಮ್ಮನ ಮುಂದೆ ಇಟ್ಟರು. ಅಮ್ಮ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ತಟ್ಟನೆ ಹೇಳಿದಳು: ‘ಇದು ನಂದಲ್ಲ. ಕೊನೇಲಿ ಕೆಳಗಡೆ ಇದೇನು, ಬಾಲ?’

ನಾನು ಬಗ್ಗಿ ನೋಡಿದೆ. ಸೊಗಸಾದ ‘ಮ್ಮ’. ಒತ್ತು ಸಮೇತ.

ಆ ಕ್ಷಣವೇ ನನಗೆ ಗೊತ್ತಾಯಿತು ಇದು ಯಾರ ಕೈ ಎಂದು. ಗಿಣಿ ಉಳಿದ ಅಕ್ಷರಗಳನ್ನೆಲ್ಲ ಅಮ್ಮನ ಹಾಗೆಯೇ ಡೊಂಕು ಮಾಡಿ, ನಡುಗಿಸಿ ಬರೆದಿದ್ದಾಳೆ. ಕೊನೆಗೆ ಬಂದಾಗ ಓದಿದ ಕೈ ಸುಮ್ಮನಿರಲಿಲ್ಲ, ತನ್ನಷ್ಟಕ್ಕೆ ಒತ್ತು ಕೊಟ್ಟಿದೆ. ಹೆತ್ತ ತಾಯಿಯ ಸಹಿಯನ್ನು ಇಷ್ಟು ವರ್ಷದಲ್ಲಿ ಒಂದು ಸಲ ನೆಟ್ಟಗೆ ನೋಡಿದ್ದರೆ ತಾನೇ ಗೊತ್ತಾಗುವುದು! ನನಗೆ ಕೋಪಕ್ಕಿಂತ ಹೆಚ್ಚಾಗಿ ಏನೋ ಒಂದು ಗರ್ವ ಉಕ್ಕಿತು. ಬಿಸ್ಕತ್ತಿನ ಡಬ್ಬಿ ಅವಳದಿರಬಹುದು, ಅಮ್ಮನ ಸಹಿ ನನಗೆ ಗೊತ್ತು.

ವಕೀಲಮ್ಮ ಮೂಗು ಒರೆಸಿಕೊಂಡು ಹೇಳಿದರು: ‘ಸಹಿ ನಮ್ಮದಲ್ಲ ಅಂತ ಬರೆದುಕೊಡೋಣ. ಬ್ಯಾಂಕಿನವರು ನಿಮ್ಮನ್ನ ಎದುರಿಗೆ ಕೂರಿಸಿ ಸಹಿ ತಗೊಂಡಿಲ್ಲ, ನಿಮ್ಮ ಮಗಳು ಮನೆಯಿಂದ ಹಾಕಿಸ್ಕೊಂಡು ಬಂದೆ ಅಂದ್ಲಂತೆ, ಇವರು ತಗೊಂಡ್ರಂತೆ. ನಮಗೆ ಅನುಕೂಲ. ಆದ್ರೆ ಒಂದು ತಿಳ್ಕೊಳ್ಳಿ. ಸಹಿ ನಿಮ್ಮದಲ್ಲ ಅಂತ ಸಾಬೀತಾದ್ರೆ ಹಾಕಿದವರ ಮೇಲೆ ಬ್ಯಾಂಕು ಬೇರೆ ಕೇಸು ಹಾಕತ್ತೆ. ಅದು ಜೈಲಿನ ಕೇಸು.’

ಅಮ್ಮ ನಾನು ತೋರಿಸಿದ ಕಡೆ ಸಹಿ ಹಾಕಿದಳು. ಒತ್ತಿಲ್ಲದೆ.

ಆ ಭಾನುವಾರ ಗಿಣಿ ಬಂದಳು. ಈ ಸಲ ರಾಗ ಇರಲಿಲ್ಲ, ಬರೀ ಮೂಗು ಸೊರ್ರೆನ್ನುವ ಸದ್ದು. ನಾನು ಒಂದು ಕೋಟಿನ ಜೇಬು ಬಿಚ್ಚುತ್ತಿದ್ದೆ.

‘ಅಕ್ಕಾ, ಏನೋ ಆಗೋಯ್ತು’ ಎಂದಳು.

‘ಏನೂ ತಾನಾಗೇ ಆಗಲ್ಲ. ಸಹಿ ಯಾರು ಹಾಕಿದ್ದು?’

‘ನಾನ್ಯಾಕೆ ಹಾಕ್ಲಿ? ನಾನು ಹಾಕಿದೆ ಅಂತ ಯಾರು ಹೇಳಿದ್ರು?’

‘ನೀನು ಹಾಕಿದೆ ಅಂತ ನಾನು ಅಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ.’

‘ಅಮ್ಮನೇ ಹಾಕಿದ್ದು. ಮರ್ತಿದಾಳೆ. ಅಲ್ವಾ ಅಮ್ಮಾ?’ ಎಂದು ಅಮ್ಮನ ತೊಡೆಗೆ ತಲೆಯಿಟ್ಟು ಅತ್ತಳು. ಎಂಥ ಅಳು ಅಂತೀರಿ! ನಾನು ಜನ್ಮದಲ್ಲಿ ಹಾಗೆ ಅಳಲಾರೆ, ನನಗೆ ಅಳು ಬಂದರೆ ಮುಖ ಕೆಂಪಾಗಿ ಕೆಮ್ಮು ಬರುತ್ತದೆ. ಅಮ್ಮ ಅವಳ ಕೂದಲಲ್ಲಿ ಬೆರಳಾಡಿಸುತ್ತ ಕೂತಳು. ಆ ಬೆರಳುಗಳನ್ನೇ ನೋಡುತ್ತ ನಾನು ಕತ್ತರಿಯನ್ನು ಎಲ್ಲಿಗೆ ಬಿಟ್ಟೆನೋ, ಗಿರಾಕಿಯ ಜೇಬು ಸೀಳಿ ಹೋಯಿತು. ನನ್ನ ತಲೆಯ ಮೇಲೆ ಅಮ್ಮ ಕೈಯಿಟ್ಟದ್ದು ಜ್ವರ ನೋಡುವುದಕ್ಕೆ ಮಾತ್ರ.

‘ಮನೆ ಹೋಗತ್ತೆ ಅಮ್ಮಾ, ಗೊತ್ತಿದೆಯಾ?’ ಎಂದೆ ಅವಳು ಹೋದ ಮೇಲೆ.

‘ಗೊತ್ತು ಕಣೇ. ಕಿರುಚ್ಬೇಡ.’

ಸಹಿ ಪರೀಕ್ಷೆ ಮಾಡುವ ತಜ್ಞರೊಬ್ಬರ ಹತ್ತಿರವೂ ವಕೀಲಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಹಣೆಗೆ ದೀಪ ಕಟ್ಟಿಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು, ಹಳೆಯ ಸಹಿಗಳನ್ನೂ ಇದನ್ನೂ ಒಂದರ ಪಕ್ಕ ಒಂದು ಇಟ್ಟು ಅವರು ಬಹಳ ಹೊತ್ತು ನೋಡಿದರು. ಕೊನೆಗೆ, ‘ಹೋಲಿಕೆಗಳಿವೆ. ವ್ಯತ್ಯಾಸಗಳೂ ಇವೆ’ ಎಂದರು. ಇದನ್ನು ಹೇಳುವುದಕ್ಕೆ ಹಣೆಗೆ ದೀಪ ಬೇಕೇ? ಅದನ್ನೂ ಅಡ್ಡಗೋಡೆಯ ಮೇಲೇ ಇಟ್ಟುಬಿಟ್ಟರು.

‘ಒತ್ತು ಕಾಣ್ಸಲ್ವಾ ಸಾರ್?’ ಎಂದೆ.

‘ಕಾಣತ್ತಮ್ಮ. ಆದ್ರೆ ಅದೊಂದೇ ಸಾಲದು. ಯಾರೋ ಹೇಳಿಕೊಟ್ಟು ಈಚೆಗೆ ತಿದ್ದಿಕೊಂಡಿರಬಹುದು ಅಂತ ಆ ಕಡೆ ವಕೀಲರು ಕೇಳ್ತಾರೆ. ನ್ಯಾಯಾಧೀಶರ ಎದುರಿಗೆ ನಿಮ್ಮ ತಾಯಿ ಸಹಿ ಹಾಕಬೇಕಾಗತ್ತೆ. ಅಲ್ಲಿ ಹೇಗೆ ಹಾಕ್ತಾರೋ ಅದರ ಮೇಲೆ ನಿಂತಿದೆ.’

ಅಷ್ಟು ಸಾಕು ಎಂದುಕೊಂಡೆ ನಾನು. ಅಮ್ಮನಿಗೆ ಬೇರೆ ಥರ ಸಹಿ ಹಾಕಲು ಬಂದರಲ್ಲವೇ!

ಆಮೇಲಿನ ದಿನಗಳಲ್ಲಿ ಅಮ್ಮ ನನಗಿಂತ ಮೊದಲೇ ಎದ್ದು ಅಂಗಡಿಗೆ ಇಳಿಯತೊಡಗಿದಳು. ಒಂದು ಬೆಳಗ್ಗೆ ನಾನು ಇಳಿದು ಬರುವಾಗ ಬಟ್ಟೆ ಕತ್ತರಿಸುವ ಮೇಜನ್ನು ಒದ್ದೆ ಚಿಂದಿಯಿಂದ ಒರೆಸುತ್ತಿದ್ದಳು. ಬೆರಳೆಲ್ಲ ಸೀಮೆಸುಣ್ಣ.

‘ಏನ್ ಮಾಡ್ತಿದೀಯ?’

‘ಸಹಿ ಅಭ್ಯಾಸ ಕಣೇ. ಅಷ್ಟು ಜನರ ಮುಂದೆ ಕೈ ನಡುಗಿದ್ರೆ?’

ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಮನೆ ಉಳಿಸಿಕೊಳ್ಳಲು, ನನ್ನ ಮಾತಿಗೆ ಬೆಲೆ ಕೊಟ್ಟು, ಈ ವಯಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ! ಕೊನೆಗೂ ಗಿಣಿಯನ್ನು ಬಿಟ್ಟು ನನ್ನ ಕಡೆಗೆ ಬಂದಳು ಎಂದುಕೊಂಡೆ. ಅವತ್ತು ಅವಳಿಗೆ ಎರಡು ಮೊಟ್ಟೆ ಬೇಯಿಸಿ ಕೊಟ್ಟೆ. ಪೆದ್ದಿಗೆ ಕೊಂಬಿರುವುದಿಲ್ಲ.

ವಿಚಾರಣೆಯ ದಿನ ಬಂತು. ಕೋರ್ಟಿನ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಬೆಂಚುಗಳು ಶಾಲೆಯವುಗಳ ಹಾಗೆ, ಫ್ಯಾನು ಕಟಕಟ ಎನ್ನುತ್ತಿತ್ತು. ನ್ಯಾಯಾಧೀಶರು ಕನ್ನಡಕವನ್ನು ಹಣೆಗೇರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುವಂಥ ಮನುಷ್ಯ. ಅವರ ಕೆಳಗೆ ಟೈಪ್ ಯಂತ್ರದ ಮುಂದೆ ಬೆರಳಚ್ಚು ಮಾಡುವವನು. ಬ್ಯಾಂಕಿನ ವಕೀಲ ಎತ್ತರದ ಆಸಾಮಿ, ಅವನ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಅರ್ಧ ಇಂಚು ಗಿಡ್ಡ. ಯಾರು ಹೊಲಿದದ್ದೋ ಪುಣ್ಯಾತ್ಮ. ಗಿಣಿ ಹಿಂದಿನ ಬೆಂಚಿನ ಮೂಲೆಯಲ್ಲಿ ಬಿಳಿಚಿಕೊಂಡು ಕೂತಿದ್ದಳು. ಬಿಳಿಚಿಕೊಂಡರೂ ಚೆಂದವಾಗಿಯೇ ಕಾಣುತ್ತಾಳೆ, ಅದೂ ನನಗೆ ಉರಿಯಿತು.

ಅಮ್ಮನಿಗೆ ಮಂಡಿನೋವು, ಬಹಳ ಹೊತ್ತು ನಿಲ್ಲಲಾರಳು ಎಂದು ವಕೀಲಮ್ಮ ಕೇಳಿಕೊಂಡದ್ದರಿಂದ ನಾನು ಕಟಕಟೆಯ ಪಕ್ಕದಲ್ಲಿ ಅವಳ ತೋಳು ಹಿಡಿದು ನಿಲ್ಲಲು ಒಪ್ಪಿಗೆ ಸಿಕ್ಕಿತು. ಸತ್ಯವನ್ನೇ ಹೇಳುತ್ತೇನೆ ಎಂದು ಅಮ್ಮ ಪ್ರಮಾಣ ಮಾಡಿದಳು. ಬ್ಯಾಂಕಿನ ವಕೀಲ ಜಾಮೀನು ಪತ್ರವನ್ನು ಅವಳ ಮುಂದೆ ಹಿಡಿದ.

‘ಅಜ್ಜಿ, ಸರಿಯಾಗಿ ನೋಡಿ. ಈ ಸಹಿ ನಿಮ್ಮದೇನಾ?’

‘ಹೌದು’ ಎಂದಳು ಅಮ್ಮ.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನಿಸಿತು. ವಕೀಲಮ್ಮನ ಸೀನು ಅರ್ಧದಲ್ಲೇ ನಿಂತಿತು.

ನ್ಯಾಯಾಧೀಶರು ಕನ್ನಡಕ ಇಳಿಸಿದರು. ‘ನಿಮ್ಮದಲ್ಲ ಅಂತ ಬರೆದು ಕೊಟ್ಟಿದ್ದೀರಲ್ಲಮ್ಮ?’

‘ಮರ್ತುಹೋಗಿತ್ತು ಸ್ವಾಮಿ. ಆಮೇಲೆ ನೆನಪಾಯ್ತು. ನಂದೇ.’

‘ಸರಿ. ಇಲ್ಲಿ ಒಂದು ಸಹಿ ಹಾಕಿ ನೋಡೋಣ.’

ಬಿಳಿ ಹಾಳೆ ಕೊಟ್ಟರು. ಅಮ್ಮ ಪೆನ್ನು ಹಿಡಿದಳು, ನಾಲಿಗೆ ಕಚ್ಚಿಕೊಂಡಳು. ನನ್ನ ಕೈ ಅವಳ ತೋಳಿನ ಮೇಲೆಯೇ ಇತ್ತು. ಒಂದೊಂದೇ ಅಕ್ಷರ ಬಂತು, ಡೊಂಕು ಡೊಂಕಾಗಿ. ಕೊನೆಯ ‘ಮ’ ಬಂತು. ಪೆನ್ನು ಎತ್ತುತ್ತಾಳೆ ಎಂದು ಕಾದೆ. ಎತ್ತಲಿಲ್ಲ. ಕೆಳಗಿಳಿಸಿದಳು. ನಿಧಾನವಾಗಿ, ಗುಂಡಗೆ, ಶಾಲೆಯ ಮಕ್ಕಳು ತಿದ್ದಿದ ಹಾಗೆ, ಒಂದು ಒತ್ತು ಕೊಟ್ಟಳು.

ಬೆಳಗಾಗೆದ್ದು ಸೀಮೆಸುಣ್ಣದಲ್ಲಿ ಕಲಿತದ್ದು ಇದನ್ನು! ಮನೆಯಲ್ಲಿದ್ದ ನಕಲಿನಲ್ಲಿ ಗಿಣಿ ಹಾಕಿದ ಕಳ್ಳ ಸಹಿಯನ್ನು ನೋಡಿ ನೋಡಿ, ತನ್ನ ಹೆಸರನ್ನು ಅದಕ್ಕೆ ತಕ್ಕಂತೆ ತಿದ್ದಿಕೊಂಡಿದ್ದಾಳೆ. ಅವಳ ತೋಳನ್ನು ಬಿಟ್ಟುಬಿಟ್ಟೆ. ಬಿದ್ದರೆ ಬೀಳಲಿ ಎನಿಸಿತು. ಅದೇ ಒತ್ತನ್ನು ನಾನು ಹೇಳಿಕೊಡಲು ಬಂದಾಗ ಮೊಣಕೈ ಊದುವ ಹಾಗೆ ಬಾರಿಸಿದವಳು. ನನಗೋಸ್ಕರ ಒಂದು ಗೆರೆ ಎಳೆಯದವಳು ಗಿಣಿಗೋಸ್ಕರ ಈ ವಯಸ್ಸಿನಲ್ಲಿ ಅಕ್ಷರ ಕಲಿತಳು. ಮನೆ ಹೋಗುತ್ತದೆ ಎಂಬುದು ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ.

ವಕೀಲಮ್ಮ ಬಿಡಲಿಲ್ಲ. ಅಮ್ಮನನ್ನು ಬೆಂಚಿನಲ್ಲಿ ಕೂರಿಸಿ, ಹಳೆಯ ಸಹಿಗಳನ್ನು ನ್ಯಾಯಾಧೀಶರ ಮುಂದೆ ಹರಡಿ, ‘ಇವರ ದೊಡ್ಡ ಮಗಳ ಸಾಕ್ಷ್ಯ ಇದೆ ಸ್ವಾಮಿ, ತಾಯಿಯ ಸಹಿಯನ್ನ ದಿನಾ ನೋಡಿದವರು’ ಎಂದು ನನ್ನನ್ನು ಕಟಕಟೆ ಹತ್ತಿಸಿದರು. ನಾನು ಹೇಳಬೇಕಾದದ್ದು ಮೊದಲೇ ಗೊತ್ತಿತ್ತು: ಅಮ್ಮ ಒತ್ತು ಕೊಡುವುದಿಲ್ಲ, ಈ ಸಹಿ ಅವಳದಲ್ಲ. ಹೇಳಿದೆ.

ಬ್ಯಾಂಕಿನ ವಕೀಲ ಗಿಡ್ಡ ಕಾಲನ್ನು ಮುಂದಿಟ್ಟು ಎದ್ದ. ‘ನಿಮ್ಮ ತಾಯಿಯೇ ತಮ್ಮದು ಅಂತಿದ್ದಾರೆ. ನೀವು ಅಲ್ಲ ಅಂತೀರಿ. ಅವರದಲ್ಲದೆ ಹೋದ್ರೆ ಇನ್ಯಾರದು? ಹೇಳಿಬಿಡಿ. ಯಾರು ಹಾಕಿದ್ದು?’

ನಾನು ಗಿಣಿಯ ಕಡೆ ನೋಡಿದೆ. ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದಳು. ಅಮ್ಮನ ಕಡೆ ನೋಡಿದೆ. ಅಮ್ಮ ಎರಡೂ ಕೈ ಎದೆಗೆ ಹಿಡಿದು, ತಲೆ ಅಲ್ಲಾಡಿಸುತ್ತ, ಬೇಡ ಬೇಡ ಎನ್ನುತ್ತಿದ್ದಳು. ನನ್ನ ಜೀವಮಾನದಲ್ಲಿ ಅಮ್ಮ ನನ್ನನ್ನು ಏನನ್ನೂ ಬೇಡಿಕೊಂಡಿರಲಿಲ್ಲ. ಈಗ ಬೇಡಿಕೊಂಡದ್ದೂ ಅವಳಿಗಾಗಿ.

ನನ್ನ ತಲೆಯೊಳಗೆ ಏನೋ ಪಟ್ ಎಂದಿತು. ನೋಡಿಯೇಬಿಡೋಣ ಎನಿಸಿತು. ಗಿಣಿಗಾಗಿ ಅಮ್ಮ ಪ್ರಮಾಣ ಮಾಡಿ ಸುಳ್ಳು ಹೇಳಿದಳಲ್ಲ, ಅದೇ ಜೈಲು ನನ್ನ ಕಾಲ ಬುಡಕ್ಕೆ ಬಂದರೆ ಇವಳು ಏನು ಹೇಳುತ್ತಾಳೆ? ತೆಪ್ಪಗೆ ಕೂತಿರುತ್ತಾಳೆಯೇ? ಕೂತಿದ್ದರೆ ಸರಿ, ಮನೆಯೂ ಬೇಡ, ಅಮ್ಮನೂ ಬೇಡ.

‘ನಾನೇ’ ಎಂದೆ.

‘ಏನಂದ್ರಿ?’

‘ನಾನೇ ಹಾಕಿದ್ದು. ಅಮ್ಮನ ಸಹಿಯನ್ನ ನಾನೇ ಹಾಕಿ ಕೊಟ್ಟೆ.’

ವಕೀಲಮ್ಮ ಹಣೆ ಚಚ್ಚಿಕೊಂಡರು. ಬ್ಯಾಂಕಿನ ವಕೀಲನಿಗೂ ಇದು ಬೇಕಿರಲಿಲ್ಲ, ಕಾಗದಗಳನ್ನು ಸುಮ್ಮನೆ ತಿರುವಿಹಾಕಿದ. ನ್ಯಾಯಾಧೀಶರು ಮುಂದಕ್ಕೆ ಬಾಗಿದರು. ‘ನೀವು ಏನು ಹೇಳ್ತಿದ್ದೀರಿ ಗೊತ್ತಾ? ಇದು ಅಪರಾಧ. ಬರೆದುಕೊಂಡ್ರೆ ಪೊಲೀಸ್ ಕೇಸಾಗತ್ತೆ. ಯೋಚನೆ ಮಾಡಿ ಹೇಳಿ.’

‘ಮಾಡಿದೀನಿ. ಬರ್ಕೊಳ್ಳಿ.’

ಬೆರಳಚ್ಚಿನವನು ನ್ಯಾಯಾಧೀಶರ ಮುಖ ನೋಡಿದ. ನಾನು ಬೆಂಚಿನ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಕಟಕಟೆಯ ಮರವನ್ನು ಉಗುರಿನಿಂದ ಕೆರೆಯುತ್ತ ನಿಂತೆ. ಅವನ ಯಂತ್ರ ಕುಟ್ಟತೊಡಗಿತು.

‘ಸುಳ್ಳು!’

ಬೆಂಚು ಹಿಂದಕ್ಕೆ ಜರುಗಿದ ಸದ್ದು. ಮಂಡಿನೋವಿನ ಅಮ್ಮ ಎದ್ದು ನಿಂತಿದ್ದಳು, ಯಾರನ್ನೂ ಹಿಡಿದುಕೊಳ್ಳದೆ.

‘ಸುಳ್ಳು ಹೇಳ್ತಿದಾಳೆ ಸ್ವಾಮಿ, ಬರ್ಕೋಬೇಡಿ! ಅವಳಿಗೆ ಮೂಗಿನ ತುದೀಲಿ ಕೋಪ, ಬಾಯಿಗೆ ಬಂದದ್ದು ಅಂತಾಳೆ. ಅವಳು ಹಾಕಿದ್ರೆ ಆ ಬಾಲ ಎಲ್ಲಿರ್ತಿತ್ತು? ನನ್ನ ಸಹೀಲಿ ಬಾಲ ಇಲ್ಲ ಅಂತ ಈ ಭೂಮಿ ಮೇಲೆ ಅವಳೊಬ್ಬಳಿಗೇ ಗೊತ್ತು! ಅವಳು ಹಾಕಿದ್ರೆ ನನ್ನ ಥರಾನೇ ಹಾಕ್ತಿದ್ಲು, ನನಗೇ ಗುರ್ತು ಸಿಗ್ತಿರಲಿಲ್ಲ!’

ಯಂತ್ರ ನಿಂತಿತು.

ನ್ಯಾಯಾಧೀಶರು ಮೆಲ್ಲಗೆ ಕೇಳಿದರು. ‘ಹಾಗಾದ್ರೆ ಅಮ್ಮ, ನಿಮ್ಮ ಸಹಿಯಲ್ಲಿ ಆ ಬಾಲ ಇರಲ್ಲ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮನಿಗೆ ಆಗ ಅರ್ಥವಾಯಿತು. ನನ್ನ ಕಡೆ ತಿರುಗಿದಳು, ಕಾಗದದ ಮೇಲೆ ಎಲ್ಲಿ ಬರೆಯಬೇಕು ಎಂದು ಕೇಳುವಾಗ ತಿರುಗುತ್ತಾಳಲ್ಲ, ಹಾಗೆ. ನಾನು ಏನೂ ತೋರಿಸಲಿಲ್ಲ.

‘ಇರಲ್ಲ’ ಎಂದಳು ಕೊನೆಗೆ. ‘ದಾರದ ಅಂಗಡಿಯವನು ಕಲಿಸಿದ್ದು ಬಾಲ ಇಲ್ದೇನೇ.’

ಅವಳನ್ನು ಮತ್ತೆ ಕಟಕಟೆಗೆ ಕರೆಸಿ, ಪ್ರಮಾಣದ ಮೇಲೆ ಅದೇ ಮಾತನ್ನು ಹೇಳಿಸಿ ಬರೆದುಕೊಂಡರು. ಇನ್ನೊಂದು ಹಾಳೆ ಕೊಟ್ಟು ಸಹಿ ಹಾಕಿಸಿದರು. ಈ ಸಲ ಅಮ್ಮ ಅಳುತ್ತ ಹಾಕಿದಳು, ಕೊನೆಯ ‘ಮ’ದ ಕೆಳಗೆ ಏನೂ ಇರಲಿಲ್ಲ. ಯಾರು ಹಾಕಿದ್ದು ಎಂದು ಬ್ಯಾಂಕಿನ ವಕೀಲ ಮತ್ತೆ ಕೇಳಿದಾಗ ಅಮ್ಮ ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಬೀಳಲಿಲ್ಲ. ಹಿಂದಿನ ಬೆಂಚಿನಲ್ಲಿ ಗಿಣಿ ಜೋರಾಗಿ ಬಿಕ್ಕುತ್ತಿದ್ದಳು, ಇಡೀ ಕೋಣೆ ತಿರುಗಿ ಅವಳನ್ನೇ ನೋಡುತ್ತಿತ್ತು. ನ್ಯಾಯಾಧೀಶರು ನನಗೆ ಚೆನ್ನಾಗಿ ಉಗಿದು, ಇನ್ನೊಮ್ಮೆ ಕೋರ್ಟಿನಲ್ಲಿ ಆಟ ಆಡಿದರೆ ಒಳಗೆ ಹಾಕಿಸುತ್ತೇನೆ ಎಂದರು. ಕೈ ಮುಗಿದೆ.

ಹೊರಗಿನ ಪಡಸಾಲೆಯಲ್ಲಿ ವಕೀಲಮ್ಮ ನನ್ನ ಬೆನ್ನು ತಟ್ಟಿದರು. ‘ಹುಚ್ಚಿ ನೀನು. ಆದ್ರೆ ಮನೆ ಉಳೀತು ಅಂತ ಇಟ್ಕೋ. ನಿಮ್ಮಮ್ಮನ ಸಹಿ ಅಲ್ಲ ಅಂತ ನಿಮ್ಮಮ್ಮನ ಬಾಯಲ್ಲೇ ಬಂತು, ಇದಕ್ಕಿಂತ ಸಾಬೀತು ಇನ್ನೇನು ಬೇಕು?’ ಗಿಣಿಯ ಮೇಲೆ ಬ್ಯಾಂಕಿನವರು ದೂರು ಕೊಡುವುದು ಖಂಡಿತ ಎಂದೂ ಹೇಳಿದರು. ಆ ಮಾತು ಕೇಳಿಯೂ ನನಗೆ ಟೀ ಕುಡಿಯಬೇಕೆನಿಸಲಿಲ್ಲ.

ನನಗೆ ಬೇಕಾಗಿದ್ದದ್ದು ಬೇರೆ. ಅಮ್ಮ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ನಾನು ಹೋಗಿ ತೋಳು ಹಿಡಿದೆ. ನನಗೆ ಕೆಮ್ಮು ಬರುತ್ತಿತ್ತು.

‘ಅಮ್ಮಾ, ನಂಗೋಸ್ಕರ ಎದ್ದು ನಿಂತ್ಯಲ್ಲ’ ಎಂದೆ.

ಅಮ್ಮ ನನ್ನ ಕೈಯಿಂದ ತೋಳು ಬಿಡಿಸಿಕೊಂಡಳು.

‘ನಿಂಗೋಸ್ಕರ ಅಲ್ಲ. ಬಾಯಿ ತಪ್ಪಿ ಬಂತು.’

‘ಅಮ್ಮಾ...’

‘ಯೋಚನೆ ಮಾಡಿದ್ರೆ ಹೇಳ್ತಿರಲಿಲ್ಲ. ನೀನು ಜೈಲಲ್ಲೂ ನಾಲ್ಕು ಜನರ ಬಟ್ಟೆ ಹೊಲ್ಕೊಂಡು ಬದುಕ್ತೀಯ ಕಣೇ. ಗಿಣಿ ಹೋದ್ರೆ ಸತ್ತೇಹೋಗತ್ತೆ.’

ಅಷ್ಟು ಹೇಳಿ, ಕುಂಟುತ್ತ, ಮೂಲೆಯ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಗಿಣಿ ಹತ್ತಿರ ಹೋಗಿ ಕೂತಳು. ಅವಳ ತಲೆಯನ್ನು ಎಳೆದು ತೊಡೆಗೆ ಹಾಕಿಕೊಂಡಳು. ಸಂಜೆ ಕೋರ್ಟಿನ ಬಾಗಿಲು ಹಾಕುವವರೆಗೂ ಅಲ್ಲೇ ಕೂತಿದ್ದರು. ನಾನು ಈ ಕಡೆಯ ಬೆಂಚಿನಲ್ಲಿ ಒಬ್ಬಳೇ ಕೂತು ಆ ಬೆರಳುಗಳು ಅವಳ ಕೂದಲಲ್ಲಿ ಹೋಗಿ ಬರುವುದನ್ನು ನೋಡಿದೆ. ಮನೆ ಗೆದ್ದವಳು ನಾನು, ಉರಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಆದರೂ ಒಂದು ಮಾತು ಹೇಳುತ್ತೇನೆ. ಯೋಚನೆ ಮಾಡಿ, ಅಭ್ಯಾಸ ಮಾಡಿ, ಬೆಳಗಾಗೆದ್ದು ತಯಾರಾಗಿ ಅಮ್ಮ ಕೊಟ್ಟದ್ದೆಲ್ಲ ಗಿಣಿಗೇ ಇರಲಿ. ಬಾಯಿ ತಪ್ಪಿ ಬಂದದ್ದು ನನ್ನದು. ಅದರಲ್ಲಿ ಅವಳಿಗೆ ಪಾಲು ಕೊಡುವುದಿಲ್ಲ.